ಸಿಲ್ವರ್ ಪೇಂಟಿನಲ್ಲಿ ಬೆಳ್ಳಿ ಎಲ್ಲಿದೆ?

ಹೋದ ವರ್ಷದ ವಿಜ್ಞಾನ ಪ್ರದರ್ಶನಕ್ಕೆ ನಮ್ಮ ಶಾಲೆಯ ಇಬ್ಬರು ಹುಡುಗರು ಒಂದು ಪೆಟ್ಟಿಗೆ ಮಾಡಿದರು. ಒಳಗೆ ರೇಡಿಯೋ ಇಟ್ಟು ಮುಚ್ಚಿದರೆ ಹಾಡು ನಿಲ್ಲಬೇಕು, ತೆರೆದರೆ ಮತ್ತೆ ಬರಬೇಕು. ಫ್ಯಾರಡೆ ಪಂಜರದ ಬಗ್ಗೆ ಪಾಠದಲ್ಲಿ ಕೇಳಿದ್ದರು. 1836ರಲ್ಲಿ ಮೈಕಲ್ ಫ್ಯಾರಡೆ ಒಂದು ಕೋಣೆಯಷ್ಟು ದೊಡ್ಡ ಪೆಟ್ಟಿಗೆ ಕಟ್ಟಿ, ಅದಕ್ಕೆ ಲೋಹದ ಹಾಳೆ ಹೊದಿಸಿ, ಹೊರಗೆ ವಿದ್ಯುತ್ ಕಿಡಿ ಹಾರುತ್ತಿರುವಾಗ ತಾನೇ ಒಳಗೆ ಹೋಗಿ ಕೂತಿದ್ದ ಅನ್ನೋ ಕತೆ ಅವರಿಗೆ ಬಹಳ ಹಿಡಿಸಿತ್ತು. ಮನೆಯಿಂದ ಒಂದು ಪ್ಲಾಸ್ಟಿಕ್ ಡಬ್ಬ ತಂದರು. ಲೋಹದ ತಗಡು ಎಲ್ಲಿಂದ ತರೋದು ಅಂತ ಕೇಳಿದಾಗ, "ಸಿಲ್ವರ್ ಪೇಂಟ್ ಹೊಡೀರಪ್ಪಾ, ಅದೂ ಲೋಹ ತಾನೇ" ಅಂದವನು ನಾನೇ. ತಾಳವಾಡಿಯ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಸ್ಪ್ರೇ ಡಬ್ಬಿ ಬಂತು. ಹುಡುಗರು ಒಳಗೂ ಹೊರಗೂ ಎರಡೆರಡು ಸಲ ಹೊಡೆದರು. ಮಾರನೇ ದಿನ ನೋಡಿದರೆ ಹೊಸ ಪಾತ್ರೆ ಹಾಗೆ ಪಳಪಳ ಹೊಳೀತಿತ್ತು. ರೇಡಿಯೋ ಇಟ್ಟು ಮುಚ್ಚಳ ಹಾಕಿದೆವು. ಹಾಡು ನಿಲ್ಲಲಿಲ್ಲ. ಸ್ವಲ್ಪ ಸಣ್ಣಗಾಯಿತು, ಅದೂ ಡಬ್ಬ ಮುಚ್ಚಿದ್ದಕ್ಕೆ ಶಬ್ದ ಕುಗ್ಗಿದ್ದು, ಅಷ್ಟೆ.

ಅವರಲ್ಲಿ ಒಬ್ಬ ಡಬ್ಬದ ಮೇಲೆ ಉಗುರಿನಿಂದ ಕೆರೆದು ನೋಡಿ ಕೇಳಿದ: "ಸಾರ್, ಇದ್ರೊಳಗ ನಿಜವಾಗ್ಲೂ ಬೆಳ್ಳಿ ಅದಾ?"

ಮಲ್ಟಿಮೀಟರ್ ತಂದು ಎರಡು ಕಡ್ಡಿಗಳನ್ನೂ ಬಣ್ಣದ ಮೇಲೆ ಒಂದು ಬೆರಳಿನ ಅಂತರದಲ್ಲಿ ಒತ್ತಿದೆವು. ಎಲ್ಲೂ ತಾಗಿಸದೆ ಗಾಳಿಯಲ್ಲಿ ಹಿಡಿದರೆ ಮೀಟರ್ ಏನು ತೋರಿಸುತ್ತದೋ ಅದನ್ನೇ ತೋರಿಸಿತು. ಅಂದರೆ ವಿದ್ಯುತ್ತಿನ ಪಾಲಿಗೆ ಅಲ್ಲಿ ಏನೂ ಇರಲಿಲ್ಲ.

ತಪ್ಪು ಹುಡುಗರದ್ದಲ್ಲ, ನನ್ನದು. ಮೊದಲು ಮೀಟರ್ ಹಿಡಿದು ಆಮೇಲೆ ಡಬ್ಬಕ್ಕೆ ಬಣ್ಣ ಹೊಡೆಸಬೇಕಿತ್ತು. ಆದರೆ ನನ್ನನ್ನು ಹಾಗೆ ಮಾತಾಡಿಸಿದ್ದು ನಾವು ಪಾಠ ಮಾಡುವ ರೀತಿ ಅಂತಲೂ ನನಗನಿಸುತ್ತದೆ. ಕಪ್ಪುಹಲಗೆಯ ಮೇಲೆ ಒಂದು ಗೆರೆ ಎಳೆದು, ಈ ಕಡೆ ವಾಹಕಗಳು, ಆ ಕಡೆ ಅವಾಹಕಗಳು ಅಂತ ಬರೆಸುತ್ತೇವೆ. ಬೆಳ್ಳಿ, ತಾಮ್ರ, ಅಲ್ಯುಮಿನಿಯಂ ಈ ಕಡೆ. ಮರ, ಪ್ಲಾಸ್ಟಿಕ್, ಬಣ್ಣ ಆ ಕಡೆ. ನೀವು ಬಾಯಿಪಾಠ ಮಾಡುತ್ತೀರಿ, ನಾವು ಅಂಕ ಕೊಡುತ್ತೇವೆ. ಲೋಹದ ಪುಡಿ ಸೇರಿಸಿದ ಬಣ್ಣ ಆ ಗೆರೆಯ ಯಾವ ಕಡೆಗೆ ಬರುತ್ತದೆ ಅಂತ ಯಾರೂ ಕೇಳೋದಿಲ್ಲ. ಕೇಳಿದರೆ ಉತ್ತರ ಪಟ್ಟಿಯಲ್ಲಿ ಇಲ್ಲ. ಯಾವ ಲೋಹ ಅನ್ನೋದಕ್ಕಿಂತ, ಆ ಲೋಹದ ಕಣಗಳು ಒಂದನ್ನೊಂದು ಹೇಗೆ ಮುಟ್ಟಿಕೊಂಡಿವೆ ಅನ್ನೋದೇ ಇಲ್ಲಿ ಮುಖ್ಯ. ಹೊಳಪು ನೋಡಿ ಇದನ್ನು ಹೇಳೋಕಾಗಲ್ಲ, ಮೀಟರ್ ಹಿಡಿದು ನೋಡಿಯೇ ತಿಳೀಬೇಕು.

ಮೊದಲು ಹುಡುಗನ ಪ್ರಶ್ನೆಗೆ ಉತ್ತರ. ನಾವು ಕಿಟಕಿ ಸರಳಿಗೆ, ಗೇಟಿಗೆ, ನೀರಿನ ಟ್ಯಾಂಕಿಗೆ ಬಳಿಯುವ ಸಿಲ್ವರ್ ಪೇಂಟಿನಲ್ಲಿ ಬೆಳ್ಳಿ ಇಲ್ಲ. ಇರೋದು ಅಲ್ಯುಮಿನಿಯಂ. ತುಂಬ ತೆಳುವಾದ, ಅವಲಕ್ಕಿಯಂಥ ಚಪ್ಪಟೆ ಚೂರುಗಳು. ಅಲ್ಯುಮಿನಿಯಂ ಗಾಳಿಗೆ ತಾಗಿದ ಕೂಡಲೇ ಅದರ ಮೈಮೇಲೆ ಅಲ್ಯುಮಿನಿಯಂ ಆಕ್ಸೈಡಿನ ಪೊರೆ ಬೆಳೆಯುತ್ತದೆ. ದಪ್ಪ ಬರೀ ಕೆಲವು ನ್ಯಾನೋಮೀಟರ್, ಆದರೆ ಅದು ಒಳ್ಳೆಯ ಅವಾಹಕ. ಸಾಲದ್ದಕ್ಕೆ, ಬಣ್ಣ ಒಣಗುವಾಗ ಚೂರುಗಳು ಮೇಲಕ್ಕೆ ತೇಲಿ ಬಂದು ಹೆಂಚಿನ ಹಾಗೆ ಹೊದ್ದುಕೊಳ್ಳಲಿ ಅಂತ ಅವಕ್ಕೆ ಸ್ಟಿಯರಿಕ್ ಆಮ್ಲದ ಲೇಪ ಕೊಟ್ಟಿರುತ್ತಾರೆ. ಅದು ಜಿಡ್ಡಿನ ಜಾತಿಯ ವಸ್ತು, ಅದರಲ್ಲೂ ವಿದ್ಯುತ್ ಹರಿಯೋದಿಲ್ಲ. ಇವೆಲ್ಲದರ ಸುತ್ತ ಬಣ್ಣವನ್ನು ಗೋಡೆಗೆ ಅಂಟಿಸುವ ರಾಳ ಬೇರೆ. ಹೀಗೆ ಒಂದೊಂದು ಚೂರೂ ಮೂರು ಕಂಬಳಿ ಹೊದ್ದು ಮಲಗಿದೆ. ಬೆಳಕು ಬಿದ್ದರೆ ಕನ್ನಡಿಯಂತೆ ಹೊಳೆಯುತ್ತದೆ, ಕರೆಂಟ್ ಮಾತ್ರ ಒಂದು ಚೂರಿಂದ ಇನ್ನೊಂದಕ್ಕೆ ದಾಟೋದಿಲ್ಲ.

ಈಗ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅಲ್ಯುಮಿನಿಯಂನ ರೋಧಶೀಲತೆ ಸುಮಾರು 2.7 × 10⁻⁸ ಓಮ್ ಮೀಟರ್. ನಿಕಲ್‌ನದು ಸುಮಾರು 7 × 10⁻⁸. ಪಟ್ಟಿಯ ಪ್ರಕಾರ ಅಲ್ಯುಮಿನಿಯಂ ಎರಡೂವರೆ ಪಟ್ಟು ಉತ್ತಮ ವಾಹಕ. ಆದರೆ ಬಣ್ಣಕ್ಕೆ ಬಂದರೆ ನಿಕಲ್ ಬಣ್ಣದಲ್ಲಿ ವಿದ್ಯುತ್ ಚೆನ್ನಾಗಿ ಹರಿಯುತ್ತದೆ, ಅಲ್ಯುಮಿನಿಯಂ ಬಣ್ಣದಲ್ಲಿ ಹರಿಯೋದೇ ಇಲ್ಲ. ನಿಕಲ್ ಮೇಲೂ ಆಕ್ಸೈಡ್ ಕಟ್ಟುತ್ತದೆ, ಆದರೆ ಅದು ತೀರಾ ತೆಳು, ತೆಳುವಾಗೇ ಉಳಿಯುತ್ತದೆ. ಕಣಗಳು ಒತ್ತಿಕೊಂಡ ಕಡೆ ಕರೆಂಟ್ ದಾಟಿಕೊಳ್ಳುತ್ತದೆ.

ಕಣಗಳು ಮುಟ್ಟಿಕೊಳ್ಳೋದು ಅಂದರೇನು ಅಂತ ತಿಳಿಯೋಕೆ ಮಳೆಗಾಲದ ಹಳ್ಳ ನೆನಪು ಮಾಡಿಕೊಳ್ಳಿ. ದಾಟೋಕೆ ಸೇತುವೆ ಇಲ್ಲ. ನೀವು ಒಂದೊಂದೇ ಕಲ್ಲನ್ನು ಕಣ್ಣು ಮುಚ್ಚಿ ನೀರಿಗೆ ಎಸೆಯುತ್ತಾ ಹೋಗುತ್ತೀರಿ. ಹತ್ತು ಕಲ್ಲು, ದಾಟೋಕಾಗಲ್ಲ. ಇಪ್ಪತ್ತು, ಆಗಲ್ಲ. ನಲವತ್ತಾದರೂ ಕಲ್ಲುಗಳು ಅಲ್ಲಲ್ಲಿ ಗುಂಪಾಗಿರುತ್ತವೆ, ನಡುವೆ ಒಂದು ಕಡೆ ಹಾರಲಾಗದಷ್ಟು ಅಂತರ. ಆಮೇಲೆ ಯಾವುದೋ ಒಂದು ಕಲ್ಲು ಬಿದ್ದ ಕೂಡಲೇ ಈ ದಡದಿಂದ ಆ ದಡಕ್ಕೆ ದಾರಿ ತೆರೆದುಬಿಡುತ್ತದೆ. ಬಣ್ಣದಲ್ಲೂ ಹೀಗೇ. ಲೋಹದ ಪುಡಿ ಒಂದು ಮಿತಿಗಿಂತ ಕಡಿಮೆ ಇದ್ದರೆ ಬಣ್ಣ ಪೂರ್ತಿ ಅವಾಹಕ. ಆ ಮಿತಿ ದಾಟಿದರೆ ರೋಧ ಒಮ್ಮೆಲೇ ಸಾವಿರಾರು ಪಟ್ಟು ಬಿದ್ದುಹೋಗುತ್ತದೆ. ಬ್ರಾಡ್‌ಬೆಂಟ್ ಮತ್ತು ಹ್ಯಾಮರ್‌ಸ್ಲಿ ಅನ್ನುವ ಇಬ್ಬರು 1957ರಲ್ಲಿ ಇಂಥ ದಾರಿ ತೆರೆಯುವ ಲೆಕ್ಕಕ್ಕೆ ಗಣಿತದ ರೂಪ ಕೊಟ್ಟರು. ಇಂಗ್ಲಿಷಿನಲ್ಲಿ ಅದಕ್ಕೆ ಪರ್ಕೊಲೇಷನ್ ಅಂತ ಹೆಸರು. ಫಿಲ್ಟರ್ ಕಾಫಿಯ ಪುಡಿಯೊಳಗೆ ನೀರು ದಾರಿ ಹುಡುಕಿಕೊಂಡು ಇಳಿಯೋದಕ್ಕೂ ಅದೇ ಪದ. ದುಂಡು ಕಣಗಳಿಗಿಂತ ಚಪ್ಪಟೆ ಚೂರುಗಳು ಕಡಿಮೆ ಪ್ರಮಾಣದಲ್ಲೇ ದಾರಿ ಮಾಡಿಕೊಡುತ್ತವೆ. ಗೋಲಿಗಿಂತ ಚಪ್ಪಡಿ ಕಲ್ಲು ಹಳ್ಳ ದಾಟೋಕೆ ಅನುಕೂಲ, ಅಲ್ಲವೇ?

ದಾರಿ ತೆರೆದ ಮೇಲೂ ಅದು ಹೆದ್ದಾರಿ ಅಲ್ಲ ಅನ್ನೋದಕ್ಕೆ ಒಂದು ಚಿಕ್ಕ ಲೆಕ್ಕ ಮಾಡೋಣ. ಹತ್ತನೇ ತರಗತಿಯವರಿಗೆ R = ρL/A ಗೊತ್ತು. ಬಣ್ಣದ ಪದರದ ಉದ್ದ L, ಅಗಲ W, ದಪ್ಪ t ಆದರೆ A ಅಂದರೆ W × t. ಚೌಕಾಕಾರದ ತುಂಡು ತಗೊಂಡರೆ ಉದ್ದ ಅಗಲ ಒಂದೇ, ಹೊಡೆದುಹೋಗುತ್ತವೆ; ಉಳಿಯೋದು R = ρ/t. ಅಂದರೆ ಬೆರಳುಗುರಿನಷ್ಟು ಚೌಕವಾಗಲಿ, ಬಾಗಿಲಿನಷ್ಟು ಚೌಕವಾಗಲಿ, ಒಂದು ಬದಿಯಿಂದ ಎದುರು ಬದಿಗೆ ರೋಧ ಒಂದೇ! ಮೊದಲ ಸಲ ಇದನ್ನು ಕೇಳಿದಾಗ ನನಗೂ ನಂಬಿಕೆ ಬಂದಿರಲಿಲ್ಲ. ಅದಕ್ಕೇ ಇಂಥ ಬಣ್ಣಗಳ ಡಬ್ಬಿಯ ಮೇಲೆ "ಚೌಕಕ್ಕೆ ಇಷ್ಟು ಓಮ್" ಅಂತ ಬರೆಯುತ್ತಾರೆ, ಚೌಕ ಎಷ್ಟು ದೊಡ್ಡದು ಅಂತ ಹೇಳೋದೇ ಇಲ್ಲ. ಈಗ 50 ಮೈಕ್ರೋಮೀಟರ್ ದಪ್ಪದ ಶುದ್ಧ ನಿಕಲ್ ಹಾಳೆಗೆ ಲೆಕ್ಕ ಹಾಕಿ: 7 × 10⁻⁸ ಭಾಗಿಸು 5 × 10⁻⁵, ಅಂದರೆ 0.0014 ಓಮ್. ಅಷ್ಟೇ ದಪ್ಪದ ನಿಕಲ್ ಬಣ್ಣಕ್ಕೆ ಸಾಮಾನ್ಯವಾಗಿ ಚೌಕಕ್ಕೆ ಅರ್ಧದಿಂದ ಒಂದು ಓಮ್ ಬರುತ್ತದೆ. ನೂರಾರು ಪಟ್ಟು ಹೆಚ್ಚು. ಲೋಹ ಅದೇ, ದಪ್ಪ ಅದೇ. ಹೆಚ್ಚಾದ ರೋಧವೆಲ್ಲ ಕಣದಿಂದ ಕಣಕ್ಕೆ ದಾಟುವ ಕಡೆ ಕೂತಿದೆ.

ಬೆಳ್ಳಿ ಇದ್ದರೂ ಸಾಲದು ಅನ್ನೋದಕ್ಕೆ ಒಂದು ಉದಾಹರಣೆ ನಿಮ್ಮ ಮನೆಯವರ ಬೆರಳಿನ ಮೇಲೇ ಇರುತ್ತದೆ. ಓಟು ಹಾಕಿದಾಗ ಹಚ್ಚುವ ಅಳಿಸಲಾಗದ ಶಾಯಿಯನ್ನು ಮಾಡೋದು ನಮಗೆ ಹತ್ತಿರದ ಮೈಸೂರಿನಲ್ಲಿ, ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದದ್ದು ಅದು. 1962ರ ಚುನಾವಣೆಯಿಂದ ದೇಶಕ್ಕೆ ಈ ಶಾಯಿ ಕೊಡುತ್ತಿದೆ. ಶಾಯಿಯಲ್ಲಿ ನಿಜವಾಗಿಯೂ ಬೆಳ್ಳಿ ಇದೆ, ಸಿಲ್ವರ್ ನೈಟ್ರೇಟ್ ರೂಪದಲ್ಲಿ. ಅದು ಚರ್ಮದ ಉಪ್ಪಿನ ಜೊತೆ ಸೇರಿ ಬೆಳಕಿಗೆ ಕಪ್ಪಾಗುತ್ತದೆ, ಉಗುರು ಬೆಳೆದು ಹೋಗುವ ತನಕ ಬಿಡೋದಿಲ್ಲ. ಒಣಗಿದ ಆ ಗುರುತಿನ ಮೇಲೆ ಮಲ್ಟಿಮೀಟರ್ ಹಿಡಿದರೆ ತಂತಿಯಂತೆ ವಿದ್ಯುತ್ ಹರಿಯುತ್ತದೆ ಅಂತ ಎಣಿಸಬೇಡಿ. ಅಲ್ಲಿರುವ ಬೆಳ್ಳಿ ಚದುರಿದ ಚುಕ್ಕೆ, ಒಂದಕ್ಕೊಂದು ಸೇರಿಲ್ಲ. ಹೊಳೆಯುವ ಗೇಟಿನ ಬಣ್ಣದಲ್ಲಿ ಬೆಳ್ಳಿ ಇಲ್ಲ, ಕಪ್ಪು ಶಾಯಿಯಲ್ಲಿ ಬೆಳ್ಳಿ ಇದೆ, ಎರಡರಲ್ಲೂ ಕರೆಂಟ್ ಹರಿಯಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಾಗಾದರೆ ನಿಜವಾದ ವಾಹಕ ಬಣ್ಣ ಯಾರಿಗೆ ಬೇಕು? ಪ್ಲಾಸ್ಟಿಕ್ ಪೆಟ್ಟಿಗೆಯ ಯಂತ್ರ ಮಾಡುವವರಿಗೆ. ಹಿಂದೆ ಎಲೆಕ್ಟ್ರಾನಿಕ್ ಉಪಕರಣಗಳಿಗೆ ತಗಡಿನ ಕವಚ ಇರುತ್ತಿತ್ತು. ಕಂಪ್ಯೂಟರುಗಳು ಪ್ಲಾಸ್ಟಿಕ್ ಕವಚಕ್ಕೆ ಬಂದಾಗ ಅವುಗಳೊಳಗಿನ ಸಂಕೇತಗಳು ಹೊರಗೆ ಸೋರಿ ಪಕ್ಕದ ಮನೆಯ ರೇಡಿಯೋ, ಟಿವಿಗಳಲ್ಲಿ ಗುರ್ ಅನ್ನತೊಡಗಿದವು. ಅಮೆರಿಕದಲ್ಲಿ 1979ರಲ್ಲಿ ಇದಕ್ಕೆ ನಿಯಮವೇ ಬಂತು. ಆಗ ಪ್ಲಾಸ್ಟಿಕ್ ಕವಚದ ಒಳಮೈಗೆ ಲೋಹದ ಬಣ್ಣ ಹೊಡೆಯೋದು ದೊಡ್ಡ ಕೆಲಸವಾಯಿತು. ಹಳೇ ಉಪಕರಣ ಯಾವುದಾದರೂ ಬಿಚ್ಚಿದರೆ ಒಳಗೆ ಬೂದು ಬಣ್ಣದ ಮಂಕು ಲೇಪ ಕಾಣಬಹುದು. ಅದು ಅಂದಕ್ಕೆ ಹೊಡೆದದ್ದಲ್ಲ, ಹೊರಗಿನವರಿಗೆ ಕಾಣೋದೂ ಇಲ್ಲ. ಉಪಗ್ರಹಗಳಿಗೂ ಹೊರಮೈಯಲ್ಲಿ ವಾಹಕ ಲೇಪಗಳು ಬೇಕಾಗುತ್ತವೆ. ಇಲ್ಲದಿದ್ದರೆ ಅಂತರಿಕ್ಷದ ವಿದ್ಯುದಾವೇಶ ಒಂದು ಕಡೆ ಕೂಡಿಕೊಂಡು ಕಿಡಿಯಾಗಿ ಹಾರಿ ಉಪಕರಣ ಕೆಡಿಸುತ್ತದೆ.

ಆರಿಸುವಾಗ ಅವರು ನೋಡೋದು ಹೀಗೆ. ಬೆಳ್ಳಿ ಎಲ್ಲಕ್ಕಿಂತ ಚೆನ್ನ, ಬೆಲೆಯೂ ಹಾಗೇ. ಹರಿದುಹೋದ ಸರ್ಕ್ಯೂಟಿನ ಗೆರೆ ಸೇರಿಸೋಕೆ ಒಂದು ಹನಿ ಸಾಕು, ಆಗ ಬೆಲೆ ಲೆಕ್ಕಕ್ಕೆ ಬರೋಲ್ಲ. ತಾಮ್ರದ ಬಣ್ಣ ಹೊಡೆದ ದಿನ ಬಹಳ ಚೆನ್ನಾಗಿರುತ್ತದೆ. ತೇವದ ಗಾಳಿಯಲ್ಲಿ ಕಣಗಳ ಮೈ ಕಪ್ಪಾಗಿ ತಿಂಗಳು ಕಳೆದಂತೆ ರೋಧ ಏರುತ್ತದೆ. ಅದಕ್ಕೆ ತಾಮ್ರದ ಚೂರಿಗೆ ಬೆಳ್ಳಿಯ ತೆಳು ಮುಲಾಮು ಕೊಟ್ಟು ಮಾಡಿದ ಬಣ್ಣ ಇದೆ, ಒಳಗೆ ಅಗ್ಗ, ಮೈಗೆ ಬೆಳ್ಳಿ. ನನಗೆ ಇದು ಬಲು ಜಾಣತನದ ಕೆಲಸ ಅನಿಸುತ್ತದೆ, ಯಾಕೆಂದರೆ ಕಣ ಕಣ ಮುಟ್ಟೋದು ಮೈಯಲ್ಲೇ ತಾನೇ? ನಿಕಲ್ ನಡುವಿನದು, ಬಾಳಿಕೆ ಬರುತ್ತದೆ. ಇಂಗಾಲ ಅಥವಾ ಗ್ರಾಫೈಟ್ ಬಣ್ಣ ಕೊನೆಯದು, ಚೌಕಕ್ಕೆ ಹತ್ತಾರರಿಂದ ಸಾವಿರ ಓಮ್ ತನಕ. ಸ್ಥಿರ ವಿದ್ಯುತ್ ನಿಧಾನವಾಗಿ ಹರಿದುಹೋಗಲಿ ಅನ್ನುವ ಕಡೆ ಇದೇ ಸರಿ. ಎಲ್ಲ ಕೆಲಸಕ್ಕೂ ಅತ್ಯುತ್ತಮ ವಾಹಕವೇ ಬೇಕು ಅಂತಿಲ್ಲ.

ಇನ್ನು ಹೊಡೆಯುವ ವಿಷಯ. ಒಳ್ಳೇ ಬಣ್ಣ ತಂದು ಕೆಟ್ಟದಾಗಿ ಹೊಡೆದರೆ ಮೀಟರ್ ಮತ್ತೆ ಮೊದಲಿನ ಕತೆಯನ್ನೇ ಹೇಳುತ್ತದೆ. ನಿಕಲ್, ತಾಮ್ರ ಎರಡೂ ನೀರಿಗಿಂತ ಸುಮಾರು ಒಂಬತ್ತು ಪಟ್ಟು ಸಾಂದ್ರ, ಬೆಳ್ಳಿ ಹತ್ತೂವರೆ ಪಟ್ಟು. ಡಬ್ಬಿ ಸುಮ್ಮನೆ ಇಟ್ಟಿದ್ದರೆ ಲೋಹವೆಲ್ಲ ತಳ ಸೇರಿ ಗಟ್ಟಿಯಾಗಿರುತ್ತದೆ, ಮೇಲಿರೋದು ಬರೀ ರಾಳದ ನೀರು. ಡಬ್ಬಿಯೊಳಗಿನ ಗುಂಡು ಕಟಕಟ ಅಂದ ಮೇಲೂ ಒಂದೆರಡು ನಿಮಿಷ ಕುಲುಕಬೇಕು, ಹೊಡೆಯುವ ನಡುವೆಯೂ ಕುಲುಕುತ್ತಿರಬೇಕು. ಪ್ಲಾಸ್ಟಿಕ್ಕನ್ನು ಸೋಪು ಹಾಕಿ ತೊಳೆದು, ಒಣಗಿಸಿ, ಸಣ್ಣ ಉಪ್ಪುಕಾಗದದಿಂದ ಉಜ್ಜಬೇಕು. ಒಂದು ಗೇಣಿನಷ್ಟು ದೂರ ಹಿಡಿಯಬೇಕು. ತೀರಾ ದೂರವಾದರೆ ಹನಿಗಳು ಗಾಳಿಯಲ್ಲೇ ಒಣಗಿ ಹಿಟ್ಟಿನ ಹಾಗೆ ಕೂರುತ್ತವೆ, ಕಣಗಳು ಒತ್ತಿಕೊಳ್ಳೋದಿಲ್ಲ. ತೀರಾ ಹತ್ತಿರವಾದರೆ ಬಣ್ಣ ಇಳಿದು ಗೆರೆ ಬೀಳುತ್ತದೆ. ಒಂದು ತೆಳು ಪದರ ಅಡ್ಡಕ್ಕೆ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಉದ್ದಕ್ಕೆ. ಬಣ್ಣ ಸಾಲದು ಅಂತ ಮಾಮೂಲಿ ಎನಾಮೆಲ್ ಬೆರೆಸಬೇಡಿ. ರಾಳ ಹೆಚ್ಚಾದಷ್ಟೂ ಹಳ್ಳದ ಕಲ್ಲುಗಳು ದೂರ ದೂರವಾಗುತ್ತವೆ. ಕೈಗೆ ಒಣಗಿದಂತೆ ಕಂಡ ಕೂಡಲೇ ಅಳೆದು ನಿರಾಶರಾಗಲೂ ಬೇಡಿ. ಒಂದು ದಿನ ಕಳೆದು ಅಳೆದರೆ ರೋಧ ಇನ್ನೂ ಇಳಿದಿರುತ್ತದೆ. ದ್ರಾವಕ ಆರಿಹೋದಂತೆ ರಾಳ ಕುಗ್ಗಿ ಕಣಗಳನ್ನು ಒಂದರ ಮೇಲೊಂದು ಎಳೆದುಕೊಳ್ಳುತ್ತದೆ.

ನಮ್ಮ ಬೆಟ್ಟದ ಹವೆಗೆ ಇನ್ನೊಂದು ಮಾತು. ಬೆಳಗಿನ ಮಂಜಿನಲ್ಲಿ, ಮಳೆ ಹಿಡಿದ ದಿನದಲ್ಲಿ ಸ್ಪ್ರೇ ಮಾಡಬಾರದು. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಇಬ್ಬನಿಯಂತೆ ಕೂತು ಬಣ್ಣ ಬೆಳ್ಳಗೆ ಮಬ್ಬಾಗುತ್ತದೆ. ಬಿಸಿಲೇರಿದ ಮೇಲೆ, ಗಾಳಿ ಜೋರಿಲ್ಲದಾಗ ಮಾಡಿ. ಥರ್ಮೋಕೋಲ್ ಮೇಲಂತೂ ಹೊಡೆಯಲೇಬೇಡಿ, ದ್ರಾವಕ ಅದನ್ನು ತಿಂದುಹಾಕುತ್ತದೆ. ಪ್ರದರ್ಶನದ ಹಿಂದಿನ ರಾತ್ರಿ ಮಾದರಿ ಕರಗಿಹೋಗಿ ಅತ್ತ ಮಕ್ಕಳನ್ನು ನಾನು ಕಂಡಿದ್ದೇನೆ.

ಆದರೆ ನನ್ನ ಅಭಿಪ್ರಾಯ ಕೇಳಿದರೆ, ನಿಕಲ್ ಸ್ಪ್ರೇ ಶಾಲೆಯೊಳಗೆ ಬರಲೇಬಾರದು. ಸ್ಪ್ರೇ ಮಾಡಿದಾಗ ಗಾಳಿಯಲ್ಲಿ ತೇಲುವ ಸೂಕ್ಷ್ಮ ಹನಿಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ನಿಕಲ್ ಹಲವರ ಚರ್ಮಕ್ಕೆ ಆಗೋದಿಲ್ಲ, ತುರಿಕೆ ಏಳುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಿಕಲ್ ಸಂಯುಕ್ತಗಳನ್ನು ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೂ, ನಿಕಲ್ ಲೋಹವನ್ನು ತರಬಹುದಾದ ವಸ್ತುಗಳ ಗುಂಪಿಗೂ ಸೇರಿಸಿದೆ. ಬಾಯಿಗೆ ಕರವಸ್ತ್ರ ಕಟ್ಟಿಕೊಂಡರೆ ಆಯ್ತು ಅನ್ನೋರಿದ್ದಾರೆ. ಬಟ್ಟೆಯ ರಂಧ್ರಗಳ ಮುಂದೆ ಆ ಹನಿಗಳು ಬಲು ಚಿಕ್ಕವು, ಆವಿಯನ್ನಂತೂ ಬಟ್ಟೆ ತಡೆಯೋದೇ ಇಲ್ಲ. ಥಿನ್ನರ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಒಲೆಯನ್ನು ಮುಟ್ಟುತ್ತದೆ. ಕಾರ್ಖಾನೆಯಲ್ಲಿ ಗಾಳಿ ಎಳೆಯುವ ಯಂತ್ರದ ಮುಂದೆ, ಸರಿಯಾದ ಮುಖವಾಡ ಹಾಕಿಕೊಂಡು ಮಾಡುವ ಕೆಲಸ ಅದು. ತರಗತಿಯ ಕೋಣೆಯಲ್ಲಿ ಕಿಟಕಿ ತೆರೆದು ಮಾಡುವಂಥದ್ದಲ್ಲ.

ಮತ್ತೊಂದು ಎಚ್ಚರಿಕೆ, ಇದು ನಮ್ಮ ಊರುಗಳಿಗೇ ಬೇಕಾದದ್ದು. ಆನೆ ಬರದಂತೆ ಹೊಲದ ಸುತ್ತ ಸೋಲಾರ್ ಬೇಲಿ ಹಾಕಿರುತ್ತೇವೆ. ಅದರಲ್ಲಿ ಸೆಕೆಂಡಿಗೊಮ್ಮೆಯಂತೆ ಕೆಲವು ಸಾವಿರ ವೋಲ್ಟಿನ ಕ್ಷಣಮಾತ್ರದ ಮಿಡಿತ ಹರಿಯುತ್ತದೆ. ಕಂಬಕ್ಕೂ ತಂತಿಗೂ ನಡುವೆ ಇರುವ ಅವಾಹಕದ ಬಿಲ್ಲೆಗಳು ಆ ಮಿಡಿತ ನೆಲಕ್ಕೆ ಸೋರದಂತೆ ತಡೆಯುತ್ತವೆ. ಹಸಿ ಕಳೆ ತಾಗಿದರೇ ಬೇಲಿ ಸಪ್ಪೆಯಾಗುತ್ತದೆ ಅಂತ ನಿಮ್ಮ ಮನೆಯ ಹಿರಿಯರಿಗೆ ಗೊತ್ತು. ಕಂಬಕ್ಕೆ ಬಣ್ಣ ಹೊಡೆಯುವಾಗ ಬಿಲ್ಲೆಗಳ ಮೇಲೆ ಯಾವ ಬಣ್ಣವನ್ನೂ ಬಳಿಯಬೇಡಿ. ವಾಹಕ ಬಣ್ಣ ಪರೀಕ್ಷೆ ಮಾಡೋಕೆ ಬೇಲಿ, ಗೋಡೆಯ ಪ್ಲಗ್, ಪಂಪ್‌ಸೆಟ್ಟಿನ ಹತ್ತಿರವೂ ಹೋಗಬೇಡಿ. ಟಾರ್ಚಿನ ಸೆಲ್ಲು, ಒಂಬತ್ತು ವೋಲ್ಟಿನ ಬ್ಯಾಟರಿ ಇಷ್ಟೇ ನಮ್ಮ ಗಡಿ.

ಪೆಟ್ಟಿಗೆಗೆ ವಾಪಸ್ ಬರೋಣ. ಬಣ್ಣ ಸರಿಯಾದರೂ ಮುಚ್ಚಳ ಕೈ ಕೊಡುತ್ತದೆ. ಮುಚ್ಚಳದ ಲೇಪ ಡಬ್ಬದ ಲೇಪವನ್ನು ಸುತ್ತಲೂ ಮುಟ್ಟಬೇಕು. ನಡುವೆ ಉದ್ದನೆಯ ಸೀಳು ಉಳಿದರೆ ಅಲೆ ಅಲ್ಲಿಂದಲೇ ಒಳಗೆ ನುಗ್ಗುತ್ತದೆ, ಸೀಳು ಕೂದಲೆಳೆಯಷ್ಟು ಸಣ್ಣದಿದ್ದರೂ ಅದರ ಉದ್ದ ಲೆಕ್ಕಕ್ಕೆ ಬರುತ್ತದೆ. ಮೈಸೂರು ಆಕಾಶವಾಣಿಯ 100.6 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 3 ಮೀಟರ್, ಅದಕ್ಕೆ ನಮ್ಮ ಡಬ್ಬದ ಸೀಳು ಚಿಕ್ಕದು. ಮೊಬೈಲಿನ 1800 ಮೆಗಾಹರ್ಟ್ಸ್ ಅಲೆ ಬರೀ 17 ಸೆಂಟಿಮೀಟರ್, ಅದಕ್ಕೆ ಅದೇ ಸೀಳು ಹೆಬ್ಬಾಗಿಲು. (ಆಕಾಶವಾಣಿ ಅನ್ನೋ ಹೆಸರು ಕೂಡ ಮೈಸೂರಿನದೇ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಶುರುಮಾಡಿದ ನಿಲಯಕ್ಕೆ ಇಟ್ಟ ಹೆಸರು ಆಮೇಲೆ ದೇಶಕ್ಕೆಲ್ಲ ಆಯಿತು.) ರೇಡಿಯೋದ ಆಂಟೆನಾ, ಇಯರ್‌ಫೋನ್ ತಂತಿ ಯಾವುದೂ ಡಬ್ಬದಿಂದ ಹೊರಗೆ ಇಣುಕಬಾರದು. ಇನ್ನು ಮೊಬೈಲ್ ಇಟ್ಟು ಪರೀಕ್ಷೆ ಮಾಡೋದು ಬೇಡ. ಒಳ್ಳೇ ಸಿಗ್ನಲ್ ಇರುವ ಕಡೆ ಅದು ಹತ್ತು ಸಾವಿರ ಪಟ್ಟು ಕಡಿಮೆಯಾದರೂ ಫೋನ್ ಮೊಳಗಬಹುದು. ನಮ್ಮ ತಲಮಲೆ ಕಡೆ ಎಷ್ಟೋ ಜಾಗದಲ್ಲಿ ಡಬ್ಬ ಇಲ್ಲದೆಯೂ ಮೊಳಗೋದಿಲ್ಲ, ಪೆಟ್ಟಿಗೆಗೆ ಸುಮ್ಮನೆ ಹೆಸರು ಬರುತ್ತದೆ.

ನನ್ನ ತಕರಾರು ಕೊನೆಗೆ ಪ್ರದರ್ಶನಗಳ ಮೇಲೆ. ಅಲ್ಲಿ ಬಹುಮಾನ ಸಿಗೋದು ಹೊಳಪಿಗೆ. ಸಹೋದ್ಯೋಗಿಯೊಬ್ಬರು ನನಗೆ ಹೇಳಿದರು, "ಕರ್ರಗಿರೋ ಡಬ್ಬ ಹಿಡ್ಕೊಂಡು ಹೋದ್ರೆ ಯಾರೂ ತಿರುಗಿ ನೋಡಲ್ಲ ಸಾರ್, ಬೆಂಗಳೂರಿಂದ ಒಳ್ಳೇ ಬಣ್ಣನೇ ತರಿಸಿ." ಅವರ ಮಾತಿನಲ್ಲಿ ನಿಜ ಇದೆ. ಗಡಿಯ ಶಾಲೆ, ಕನ್ನಡ ಮಾಧ್ಯಮ, ಬೆಟ್ಟದ ಮಕ್ಕಳು ಅಂತ ಮೊದಲೇ ಒಂದು ಅಳತೆ ಹಿಡಿದು ನೋಡುವವರ ಮುಂದೆ ನಮ್ಮ ಮಕ್ಕಳ ಮಾದರಿ ಬಡವಾಗಿ ಕಾಣಬಾರದು ಅನ್ನೋ ಆಸೆ ನನಗೂ ಇದೆ. ಆದರೆ ದುಬಾರಿ ಡಬ್ಬಿ ತರಿಸಿ ಹೊಡೆದರೆ ಮಕ್ಕಳು ಕಲಿಯೋದು ಡಬ್ಬಿಯ ಹೆಸರನ್ನು ಮಾತ್ರ. ಅದೇ ದುಡ್ಡಿಗೆ ಎರಡು ಮೂರು ಸಾಧಾರಣ ಮಲ್ಟಿಮೀಟರ್ ಬಂದರೆ ಇಡೀ ತರಗತಿ ಅಳೆಯುತ್ತದೆ. ತೀರ್ಪುಗಾರರೂ "ಯಾವ ಪೇಂಟ್ ಹೊಡೆದಿರಿ" ಅನ್ನೋ ಬದಲು "ಎಷ್ಟು ಓಮ್ ಬಂತು, ಎಲ್ಲಿ ಅಳೆದಿರಿ" ಅಂತ ಕೇಳಲಿ.

ನಾವು ಆಮೇಲೆ ಮಾಡಿದ್ದು ಇದು. 6ಬಿ ಪೆನ್ಸಿಲಿನಿಂದ ಕಾಗದದ ಮೇಲೆ ದಪ್ಪ ಗೆರೆ ಎಳೆದು ಅಳೆದೆವು, ಎಚ್‌ಬಿ ಪೆನ್ಸಿಲಿನಿಂದಲೂ ಎಳೆದೆವು. 6ಬಿಯಲ್ಲಿ ಗ್ರಾಫೈಟ್ ಹೆಚ್ಚು, ಜೇಡಿ ಕಡಿಮೆ. ಮೀಟರಿಗೆ ಅದು ಗೊತ್ತಾಯಿತು. 6ಬಿ ಗೆರೆಯ ಮೂಲಕ ಒಂಬತ್ತು ವೋಲ್ಟಿನ ಬ್ಯಾಟರಿಯಿಂದ ಎಲ್‌ಇಡಿ ಮಂಕಾಗಿ ಹೊತ್ತಿತು. ಗೆರೆ ಉದ್ದವಾದಂತೆ ಬೆಳಕು ಸೋತಿತು. ಆಮೇಲೆ ಬೀಗಕ್ಕೆ ಹಾಕುವ ಗ್ರಾಫೈಟ್ ಪುಡಿಯನ್ನು ಮರಗೆಲಸದ ಬಿಳಿ ಗೋಂದು, ನೀರಿನ ಜೊತೆ ಕಲಸಿ ಬ್ರಷ್ಷಿನಿಂದ ಬಳಿದೆವು. ಸ್ಪ್ರೇ ಇಲ್ಲ, ಥಿನ್ನರ್ ಇಲ್ಲ. ಗೋಂದು ಹೆಚ್ಚು ಹಾಕಿದ ಮೊದಲ ಕಲಕಕ್ಕೆ ಮೀಟರ್ ಮಿಸುಕಲಿಲ್ಲ. ಪುಡಿ ಏರಿಸುತ್ತಾ ಹೋದಾಗ ಒಂದು ಹಂತದಲ್ಲಿ ಅಂಕಿಗಳು ದಡಬಡ ಬಿದ್ದವು. ಹಳ್ಳದ ಕಲ್ಲುಗಳು ಸೇರಿಕೊಂಡದ್ದನ್ನು ಹುಡುಗರು ಕಣ್ಣಾರೆ ಕಂಡದ್ದು ಅಲ್ಲೇ. ಅಡುಗೆ ಒಲೆಯ ಇದ್ದಿಲನ್ನು ಒಬ್ಬಳು ಪುಡಿ ಮಾಡಿ ತಂದಿದ್ದಳು, ಅದು ಕೆಲಸ ಮಾಡಲಿಲ್ಲ. ಕಡಿಮೆ ಶಾಖದಲ್ಲಿ ಬೆಂದ ಇದ್ದಿಲಿನಲ್ಲಿ ಇಂಗಾಲ ಇನ್ನೂ ಗ್ರಾಫೈಟಿನಂತೆ ಜೋಡಿಸಿಕೊಂಡಿರೋದಿಲ್ಲ. ಕುಲುಮೆಯ ಇದ್ದಿಲು ತಂದು ನೋಡ್ತೀನಿ ಸಾರ್ ಅಂದಿದ್ದಾಳೆ, ಇನ್ನೂ ತಂದಿಲ್ಲ.

ಗ್ರಾಫೈಟ್ ಬಳಿದ ಡಬ್ಬದಲ್ಲಿ ರೇಡಿಯೋ ಪೂರ್ತಿ ನಿಲ್ಲಲಿಲ್ಲ, ಬುಸ್ ಅನ್ನೋ ಶಬ್ದ ಹೆಚ್ಚಾಗಿ ಹಾಡು ಒಡೆಯಿತು. ಅದನ್ನೂ ಹಾಗೇ ಬರೆದುಕೊಂಡೆವು. ಕೊನೆಗೆ ರೊಟ್ಟಿ ಸುತ್ತುವ ಅಲ್ಯುಮಿನಿಯಂ ಹಾಳೆಯನ್ನು ಒಳಗೆ ಹೊದಿಸಿ ಮುಚ್ಚಳದ ಅಂಚನ್ನು ಮಡಚಿ ಒತ್ತಿದಾಗ ಹಾಡು ನಿಂತಿತು. ಅಂಚನ್ನು ಒಂದು ಕಡೆ ಎತ್ತಿದರೆ ಮತ್ತೆ ಬಂತು. ಬಣ್ಣದಲ್ಲಿ ಸೋತ ಅದೇ ಅಲ್ಯುಮಿನಿಯಂ ಹಾಳೆಯಾಗಿ ಗೆದ್ದದ್ದು ಯಾಕೆ ಅಂತ ಹುಡುಗರೇ ಪ್ರದರ್ಶನದಲ್ಲಿ ವಿವರಿಸಿದರು: ಹಾಳೆಯಲ್ಲಿ ದಾಟುವ ಹಳ್ಳವೇ ಇಲ್ಲ. ಬಹುಮಾನ ಬರಲಿಲ್ಲ. ಅರ್ಧ ಉಳಿದಿದ್ದ ಸಿಲ್ವರ್ ಪೇಂಟನ್ನು ಶಾಲೆಯ ಧ್ವಜಸ್ತಂಭಕ್ಕೆ ಹೊಡೆದೆವು. ತುಕ್ಕು ತಡೆಯೋಕೆ ಅದು ಒಳ್ಳೇ ಬಣ್ಣವೇ.